ಪಾಡ್‌ಕಾಸ್ಟ್: ಕೇಳುಗರು ಉಳಿಯುವ ಬಗೆ

ಅಂತರ್ಜಾಲದ ಮೂಲಕ ಕಂತುಕಂತಾಗಿ ಕೇಳುಗರನ್ನು ತಲುಪುವ ಧ್ವನಿ ಕಾರ್ಯಕ್ರಮಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ 2004ರಲ್ಲಿ ಈ ಪದವನ್ನು ಬಳಸಿದರು. 2005ರ ಜೂನ್‌ನಲ್ಲಿ ಆಪಲ್ ಸಂಸ್ಥೆ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಸ್ಥಾನ ನೀಡಿದ ಬಳಿಕ ಅದು ಜನಸಾಮಾನ್ಯರಿಗೆ ಪರಿಚಿತವಾಯಿತು. ಇದಕ್ಕೆ ಬಾನುಲಿ ಕೇಂದ್ರದ ತರಂಗಾಂತರ ಬೇಡ. ಒಂದು ಮೈಕು, ಒಂದು ಕಂಪ್ಯೂಟರ್ ಇದ್ದರೆ ಆರಂಭಿಸಬಹುದು. ಆದ್ದರಿಂದಲೇ ಆರಂಭಿಸಿದವರು ಅಸಂಖ್ಯ, ಕೆಲವೇ ಕಂತುಗಳ ನಂತರ ಮೌನವಾದವರೂ ಅಸಂಖ್ಯ.

ಯಾವುದೇ ದೊಡ್ಡ ಸಂಸ್ಥೆಯ ಆಶ್ರಯವಿಲ್ಲದೆ ಕೇಳುಗರನ್ನು ಕಟ್ಟಿಕೊಂಡವರಲ್ಲಿ ಅಮೆರಿಕದ ಮೈಕ್ ಡಂಕನ್ ಪ್ರಮುಖರು. 2007ರಲ್ಲಿ ಅವರು 'ದಿ ಹಿಸ್ಟರಿ ಆಫ್ ರೋಮ್' ಆರಂಭಿಸಿದಾಗ ಅವರು ಪ್ರಾಧ್ಯಾಪಕರೂ ಆಗಿರಲಿಲ್ಲ, ಖ್ಯಾತನಾಮರೂ ಆಗಿರಲಿಲ್ಲ. ರೋಮ್ ನಗರದ ಸ್ಥಾಪನೆಯ ಐತಿಹ್ಯದಿಂದ ಮೊದಲುಗೊಂಡು ಪಶ್ಚಿಮ ಸಾಮ್ರಾಜ್ಯದ ಪತನದವರೆಗಿನ ಕಥೆಯನ್ನು ಒಬ್ಬರೇ ಕುಳಿತು, ಒಂದೇ ದನಿಯಲ್ಲಿ ಹೇಳುತ್ತಾ ಹೋದರು. 2012ರ ಮೇ ತಿಂಗಳಲ್ಲಿ 179ನೇ ಸಂಖ್ಯೆಯ ಕಂತಿನೊಂದಿಗೆ ಅದು ಮುಕ್ತಾಯವಾಯಿತು. ಆರಂಭದ ಕಂತುಗಳ ಧ್ವನಿಗ್ರಹಣ ಸಾಧಾರಣವಾದುದು. ಕೇಳುಗರು ಅದನ್ನು ಮನ್ನಿಸಿದರು. ಕಥೆ ಎಲ್ಲಿಗೆ ಸಾಗುತ್ತಿದೆ ಎಂಬುದು ಅವರಿಗೆ ತಿಳಿದಿತ್ತು, ಮುಂದಿನ ಕಂತು ಬಂದೇ ಬರುತ್ತದೆ ಎಂಬ ಭರವಸೆಯೂ ಇತ್ತು. ಹರಿಕಥೆಗೆ ಜನ ಪ್ರತಿರಾತ್ರಿ ಮರಳಿ ಬರುತ್ತಿದ್ದುದು ಇದೇ ಕಾರಣಕ್ಕಲ್ಲವೇ?

ಆ ನಿಷ್ಠೆ ಎಷ್ಟು ಗಾಢವಾಗಿತ್ತೆಂದರೆ, ಡಂಕನ್ ನಿಲ್ಲಿಸಿದ ಜಾಗದಿಂದ ಅವರ ಕೇಳುಗರಲ್ಲೇ ಒಬ್ಬರಾದ ಇಂಗ್ಲೆಂಡಿನ ರಾಬಿನ್ ಪಿಯರ್ಸನ್ 2012ರಲ್ಲೇ 'ದಿ ಹಿಸ್ಟರಿ ಆಫ್ ಬೈಜಾಂಟಿಯಮ್' ಆರಂಭಿಸಿ ಪೂರ್ವ ಸಾಮ್ರಾಜ್ಯದ ಕಥೆಯನ್ನು ಮುಂದುವರಿಸಿದರು. ಡಂಕನ್ 2013ರಲ್ಲಿ 'ರೆವಲ್ಯೂಷನ್ಸ್' ಎಂಬ ಹೊಸ ಸರಣಿ ತಂದಾಗ ಹಳೆಯ ಕೇಳುಗರು ಜೊತೆಗೇ ಬಂದರು.

ಹಣದ ಪ್ರಶ್ನೆ ಬಂದಾಗಲೂ ಪರೀಕ್ಷೆಗೆ ಒಳಗಾಗುವುದು ಕೇಳುಗರ ಸಂಖ್ಯೆಯಲ್ಲ, ಅವರ ಅಕ್ಕರೆ. ವಿನ್ಯಾಸ ಕುರಿತ '99% ಇನ್ವಿಸಿಬಲ್' ಕಾರ್ಯಕ್ರಮದ ರೋಮನ್ ಮಾರ್ಸ್ 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ನೆರವು ಕೋರಿದಾಗ 1,70,000 ಡಾಲರ್‌ಗೂ ಅಧಿಕ ಮೊತ್ತ ಹರಿದುಬಂತು. 2013ರಲ್ಲಿ ಆರಂಭವಾದ ಪೇಟ್ರಿಯಾನ್ ತಾಣವು ಇದನ್ನೇ ಮಾಸಿಕ ಚಂದಾ ವ್ಯವಸ್ಥೆಯಾಗಿಸಿತು. ಸಾವಿರಾರು ಜನರ ಸಣ್ಣ ಚಂದಾ ಇದ್ದರೆ ಒಬ್ಬ ಜಾಹೀರಾತುದಾರ ಕೈಬಿಟ್ಟರೂ ಕಾರ್ಯಕ್ರಮ ಕುಸಿಯದು.

ಕನ್ನಡದಲ್ಲಿಯೂ ಈ ಮಾಧ್ಯಮ ಬೇರು ಬಿಟ್ಟಿದೆ. 'ತಲೆ-ಹರಟೆ' ಪಾಡ್‌ಕಾಸ್ಟ್ ವಿಜ್ಞಾನ, ಇತಿಹಾಸ, ಭಾಷೆ ಮುಂತಾದ ಗಹನ ವಿಷಯಗಳನ್ನು ದೀರ್ಘ ಹರಟೆಯ ಧಾಟಿಯಲ್ಲಿ ಚರ್ಚಿಸುತ್ತಾ ಬಂದಿದೆ.

ಅಂಕಿ-ಅಂಶಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಕೇಳದೆ ಬಿಟ್ಟ ಕಾರ್ಯಕ್ರಮಗಳ ತಾನಾಗಿಯೇ ನಡೆಯುವ ಡೌನ್‌ಲೋಡನ್ನು ಆಪಲ್ 2023ರ ಐಒಎಸ್ 17ರಲ್ಲಿ ಬಿಗಿಗೊಳಿಸಿತು. ಹಲವು ಕಾರ್ಯಕ್ರಮಗಳ ಡೌನ್‌ಲೋಡ್ ಸಂಖ್ಯೆ ಇಳಿಯಿತು. ಇಳಿದದ್ದು ಕೇಳುಗರಲ್ಲ, ಯಾರೂ ತೆರೆಯದೆ ಫೋನಿನಲ್ಲಿ ಕೊಳೆಯುತ್ತಿದ್ದ ಕಂತುಗಳು.

ಸ್ವತಂತ್ರ ನಿರ್ಮಾಪಕರ ನಿಜವಾದ ಆಸ್ತಿ ಎಂದರೆ ಆರ್‌ಎಸ್‌ಎಸ್ ಫೀಡ್, ಅಂದರೆ ಕಂತುಗಳ ಪಟ್ಟಿಯನ್ನು ಹೊತ್ತ ವಿಳಾಸ. ಅದು ಯಾವ ಆ್ಯಪಿನ ಸ್ವತ್ತೂ ಅಲ್ಲ. ಸ್ಟಿಚರ್ ಆ್ಯಪ್ 2023ರಲ್ಲಿ, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿದಾಗ ಕೇಳುಗರು ಅದೇ ಫೀಡನ್ನು ಬೇರೆ ಆ್ಯಪಿನಲ್ಲಿ ಸೇರಿಸಿಕೊಳ್ಳಲು ಸಾಧ್ಯವಾಯಿತು. ಕಂತುಗಳನ್ನು ಒಂದೇ ಕಂಪನಿಯ ಆ್ಯಪಿನಲ್ಲಿ ಮಾತ್ರ ಇಟ್ಟವರಿಗೆ ಈ ಅನುಕೂಲವಿಲ್ಲ. ಫೀಡನ್ನು ಹೊಸ ಸೇವೆಗೆ ಸ್ಥಳಾಂತರಿಸುವಾಗ ಹಳೆಯ ವಿಳಾಸದಿಂದ ಹೊಸದಕ್ಕೆ ಮರುನಿರ್ದೇಶನ ಇರಿಸುವುದು ಅತ್ಯಗತ್ಯ. ಇಲ್ಲವಾದರೆ ಚಂದಾದಾರರ ಫೋನುಗಳು ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತವೆ, ಹೊಸ ಕಂತು ಅವರನ್ನು ತಲುಪುವುದೇ ಇಲ್ಲ.