ತಾಯಿಕಾಂಡವಿಲ್ಲದ ಆಲದ ಮರ

ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರ ನೋಡಿದ್ದೀರಾ? ಅದರ ಮೂಲ ಕಾಂಡ ರೋಗ ಬಂದು ಹೋಯಿತು. ಈಗ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತಿವೆ. ಇದಕ್ಕೂ ಎಷ್ಟೋ ವರ್ಷ ಮೊದಲು ಕೋಲ್ಕತ್ತದ ಪಕ್ಕದ ಶಿಬಪುರದಲ್ಲೂ ಒಂದು ಆಲದ ಮರ ತಾಯಿಕಾಂಡ ಕಳೆದುಕೊಂಡಿತ್ತು. ಒಂದೇ ವ್ಯತ್ಯಾಸ, ಅಲ್ಲಿ ಅದನ್ನು ಮನುಷ್ಯರೇ ಕಡಿದು ತೆಗೆದರು!

ಈ ಮರ ಇರುವುದು 1787ರಲ್ಲಿ ರಾಬರ್ಟ್ ಕಿಡ್ ಶುರುಮಾಡಿದ ಸಸ್ಯೋದ್ಯಾನದಲ್ಲಿ. ಪಕ್ಕದಲ್ಲೇ ಹೂಗ್ಲಿ ನದಿ, ತೋಟದ ತುಂಬ ಒಂದಕ್ಕೊಂದು ಸೇರಿದ ಕೆರೆಗಳು. ನೆಲ, ಗಾಳಿ ಎರಡೂ ಒದ್ದೆ. 1864 ಮತ್ತು 1867ರ ಚಂಡಮಾರುತಗಳಿಗೆ ದೊಡ್ಡ ಕೊಂಬೆಗಳು ಮುರಿದವು. ಮುರಿದ ಜಾಗ ಮರಕ್ಕೆ ಗಾಯ ಇದ್ದಹಾಗೆ. ಅಲ್ಲಿಂದ ಶಿಲೀಂಧ್ರ ಒಳಗೆ ಸೇರಿತು. ಈ ಕೊಳೆತ ನಡೆಯುವುದು ಒಳಗೊಳಗೇ. ಮೇಲೆ ಎಲೆ ಹಸಿರಾಗಿದ್ದರೂ ಒಳಗೆ ಕಾಂಡ ಟೊಳ್ಳಾಗಿರಬಹುದು.

ಕೊನೆಗೆ 1925ರಲ್ಲಿ, ಸುಮಾರು 50 ಅಡಿ ಸುತ್ತಳತೆಯ ಆ ತಾಯಿಕಾಂಡವನ್ನೇ ತೆಗೆದುಹಾಕಿದರು. ಅಪಾಯ ಅಂತ ಇಡೀ ಮರ ಉರುಳಿಸಲಿಲ್ಲ, ಹಳೇ ಮರ ಅಂತ ಕೊಳೆಯಲೂ ಬಿಡಲಿಲ್ಲ. ಇದು ಸಾಧ್ಯವಾಗಿದ್ದು ಬಿಳಲುಗಳು ಆಗಲೇ ನೆಲ ಹಿಡಿದು ಭಾರ ಹೊರುತ್ತಿದ್ದರಿಂದ. ನಮ್ಮ ಸರ್ವರ್ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕಪ್ ಮೊದಲೇ ಸಿದ್ಧವಿತ್ತು :) ಎಳೆ ಬಿಳಲುಗಳನ್ನು ಬಿದಿರಿನ ಕೊಳವೆಯೊಳಗೆ ಇಳಿಸಿ ನೆಲ ಮುಟ್ಟಿಸುವುದು ಅಲ್ಲಿನ ತೋಟಗಾರರ ಕ್ರಮ. ಈಗ ಮರ ಸಾವಿರಾರು ಬಿಳಲುಗಳ ಮೇಲೆ ಮೂರು ಎಕರೆಗೂ ಹೆಚ್ಚು ಹರಡಿದೆ. ಸುತ್ತ ಹಾಕಿದ್ದ 330 ಮೀಟರ್ ರಸ್ತೆಯನ್ನೂ ದಾಟಿಹೋಗಿದೆ. 2020ರ ಅಂಫಾನ್ ಚಂಡಮಾರುತದಲ್ಲಿ ಪೆಟ್ಟು ತಿಂದರೂ ಬೀಳಲಿಲ್ಲ.

ಚೆನ್ನೈನ ಅಡ್ಯಾರ್ ನದಿ ಪಕ್ಕದ ಆಲದ ಮರದ ಕಥೆಯೂ ಹೀಗೇ. 1989ರ ಬಿರುಗಾಳಿಗೆ ತಾಯಿಕಾಂಡ ಉರುಳಿತು, ಮರ ಬಿಳಲುಗಳ ಮೇಲೆ ಉಳಿಯಿತು.

ಆದರೆ ಎಲ್ಲ ಮರವೂ ಆಲವಲ್ಲವಲ್ಲ. ನಮ್ಮ ಕೆರೆ ಏರಿಯ ಮಳೆಮರಕ್ಕೆ ಇರುವುದು ಒಂದೇ ಕಾಂಡ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ, ಹಾಗಾಗಿ ಬೇರು ಆಳಕ್ಕೆ ಇಳಿಯದೆ ಮೇಲೆಮೇಲೇ ಹರಡುತ್ತದೆ. ಆ ಬೇರನ್ನೇ ಚರಂಡಿಗೋ ಕೇಬಲ್ಲಿಗೋ ಕಡಿದು, ಬುಡದವರೆಗೆ ಸಿಮೆಂಟ್ ಮೆತ್ತಿದರೆ ಮಳೆಗಾಲದ ಒಂದು ಗಾಳಿ ಸಾಕು. ಒಂದು ಮರ ಬಿದ್ದಿತು ಅಂದರೆ ಅಪಾಯದ ಹೆಸರಲ್ಲಿ ಸಾಲಿನ ಮರಗಳಿಗೆಲ್ಲ ಕೊಡಲಿ!

ಶಿಬಪುರದಲ್ಲಿ ಕೊಂಬೆ ಮುರಿದಿದ್ದಕ್ಕೂ ಕಾಂಡ ಕಡಿದಿದ್ದಕ್ಕೂ ನಡುವೆ 58 ವರ್ಷ. ಮರ ಅಷ್ಟು ನಿಧಾನವಾಗಿ ಕೊಳೆಯುತ್ತದೆ. ಅಂದರೆ ನೋಡುವವರಿಗೆ ಸಮಯ ಬೇಕಾದಷ್ಟಿದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಒಂದೊಂದೇ ಮರದ ಗಾಯ, ಟೊಳ್ಳು, ವಾಲಿದ ಬುಡ ಪರೀಕ್ಷಿಸಿ, ಕೆಟ್ಟ ಕೊಂಬೆಯನ್ನಷ್ಟೇ ತೆಗೆದರೆ ಎಷ್ಟೋ ಮರ ಉಳಿಯುತ್ತವೆ, ಕೆಳಗೆ ಓಡಾಡುವ ಜನರೂ ಕೂಡ.

ನಿಮ್ಮೂರ ಕೆರೆ ದಂಡೆಯಲ್ಲಿ ಇಂಥ ಹಳೇ ಮರ ಇದೆಯಾ? ಅದರ ಬುಡ ಹೇಗಿದೆ, ಒಮ್ಮೆ ನೋಡಿ ಬಂದು ತಿಳಿಸಿ.