ಒಂದು ದಿನದ ನಿಲುಗಡೆಯಲ್ಲಿ ಚಾರಣ ಮತ್ತು ವನ್ಯಜೀವಿ ವೀಕ್ಷಣೆ: ಕಲಬುರಗಿಯಿಂದ ಚಿಂಚೋಳಿ ವನ್ಯಜೀವಿಧಾಮಕ್ಕೆ ಪ್ರವಾಸ ಯೋಜನೆ

1. ಪ್ರಸ್ತಾವನೆ

ಮಂಗಳೂರು ಸಮೀಪದ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ ಬರುವ ಪ್ರವಾಸಿ ಹಡಗುಗಳ ಪ್ರಯಾಣಿಕರಿಗೆ ಊರು ನೋಡಲು ದೊರೆಯುವುದು ಕೆಲವೇ ಗಂಟೆಗಳ ಅವಕಾಶ. ಹಡಗು ಹೊರಡುವ ವೇಳೆ ಮೊದಲೇ ನಿಗದಿಯಾಗಿರುತ್ತದೆ. ತಡವಾಗಿ ಬಂದವರಿಗಾಗಿ ಅದು ಕಾಯುವುದಿಲ್ಲ. ಆದುದರಿಂದ ಅಲ್ಲಿನ ಪ್ರವಾಸಗಳನ್ನು ಹೊರಡುವ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ರೂಪಿಸಲಾಗುತ್ತದೆ.

ಕಲಬುರಗಿಗೆ ಸಮುದ್ರವಿಲ್ಲ. ಆದರೆ ಮುಂಬಯಿ–ಚೆನ್ನೈ ರೈಲು ಮಾರ್ಗದಲ್ಲಿರುವ ಈ ನಗರದಲ್ಲಿ ಬೆಳಿಗ್ಗೆ ಇಳಿದು ರಾತ್ರಿಯ ರೈಲಿಗೆ ಮುಂದೆ ಸಾಗುವವರ ಸ್ಥಿತಿ ಹಡಗಿನ ಪ್ರಯಾಣಿಕರ ಸ್ಥಿತಿಗಿಂತ ಬೇರೆಯಲ್ಲ. ಮದುವೆ, ಪರೀಕ್ಷೆ, ಕಚೇರಿ ಕೆಲಸಗಳಿಗಾಗಿ ಬಂದು ಒಂದು ಹಗಲು ಬಿಡುವಾದವರೂ ಇದೇ ವರ್ಗಕ್ಕೆ ಸೇರುತ್ತಾರೆ. ಇಂತಹವರು ಚಿಂಚೋಳಿ ವನ್ಯಜೀವಿಧಾಮದಲ್ಲಿ ಚಾರಣ ಹಾಗೂ ವನ್ಯಜೀವಿ ವೀಕ್ಷಣೆ ಎರಡನ್ನೂ ಒಂದೇ ದಿನದಲ್ಲಿ ಹೇಗೆ ಕೈಗೊಳ್ಳಬಹುದು, ಯಾವುದನ್ನು ಕೈಬಿಡಬೇಕು ಎಂಬ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

2. ಸ್ಥಳ ಪರಿಚಯ

ಚಿಂಚೋಳಿ ಪಟ್ಟಣವು ಕಲಬುರಗಿಯಿಂದ ಪೂರ್ವಕ್ಕೆ ರಸ್ತೆಯ ಮೂಲಕ ಸುಮಾರು 85 ಕಿ.ಮೀ. ದೂರದಲ್ಲಿದ್ದು, ತಾಲ್ಲೂಕಿನ ಗಡಿಯು ತೆಲಂಗಾಣ ರಾಜ್ಯಕ್ಕೆ ಹೊಂದಿಕೊಂಡಿದೆ. ಇಲ್ಲಿನ ಅರಣ್ಯ ಪ್ರದೇಶದ 134.88 ಚದರ ಕಿ.ಮೀ. ವಿಸ್ತೀರ್ಣವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಇದು ಹೆಸರಾಗಿದೆ. ತೊಗರಿ, ಜೋಳ ಬೆಳೆಯುವ ಬಯಲುಸೀಮೆಯ ನಡುವೆ ಎಲೆ ಉದುರಿಸುವ ಕಾಡು, ಕುರುಚಲು ಪೊದೆ ಮತ್ತು ಹುಲ್ಲುಗಾವಲು ಒಟ್ಟಾಗಿ ಉಳಿದಿರುವುದು ಈ ಪ್ರದೇಶದ ವೈಶಿಷ್ಟ್ಯ. ಅಂಚಿನಲ್ಲಿ ತೇಗ ಹಾಗೂ ಜಾಲಿಯ ನೆಡುತೋಪುಗಳಿವೆ.

ಧಾಮದ ಪ್ರಮುಖ ಆಕರ್ಷಣೆ ಚಂದ್ರಂಪಳ್ಳಿ ಜಲಾಶಯ. ಇದನ್ನು ಮುಲ್ಲಾಮಾರಿ ನದಿಯ ಉಪನದಿಯಾದ ಸರನಾಲಾಕ್ಕೆ ಅಡ್ಡಲಾಗಿ ನಿರ್ಮಿಸಲಾಗಿದೆ. ಮುಲ್ಲಾಮಾರಿಯು ಕಾಗಿಣಾ ನದಿಯನ್ನೂ, ಕಾಗಿಣಾ ಭೀಮಾ ನದಿಯನ್ನೂ ಸೇರುತ್ತವೆ. ಗುಡ್ಡಗಳ ನಡುವೆ ನಿಂತ ನೀರು, ಸುತ್ತಲಿನ ಕಾಡು ಮತ್ತು ಕಾಲುದಾರಿಗಳು ಚಾರಣಕ್ಕೆ ಯೋಗ್ಯವಾಗಿವೆ. ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ ಮತ್ತು ಕುಂಚಾವರಂ ಅರಣ್ಯ ಪ್ರದೇಶಗಳು ಇದೇ ತಾಲ್ಲೂಕಿನಲ್ಲಿವೆ.

3. ಕಾಣಬಹುದಾದ ವನ್ಯಜೀವಿಗಳು

ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡಕುರಿ, ತೋಳ, ಕತ್ತೆಕಿರುಬ, ನರಿ ಮತ್ತು ಹಣ್ಣು ತಿನ್ನುವ ಬಾವಲಿ ಇಲ್ಲಿನ ಮುಖ್ಯ ಸಸ್ತನಿಗಳು. ಪಕ್ಷಿಗಳಲ್ಲಿ ಕಾಜಾಣ, ಕೆಂದಲೆ ಗಿಳಿ, ಕರಿತಲೆಯ ಹೊನ್ನಕ್ಕಿ, ಗೌಜಲಕ್ಕಿ ಮೊದಲಾದವು ಕಂಡುಬರುತ್ತವೆ.

ಒಂದು ದಿನದ ಪ್ರವಾಸಿಗರು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ತೋಳವು ಹೆಚ್ಚಾಗಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಸಂಚರಿಸುತ್ತದೆ. ಕತ್ತೆಕಿರುಬ ನಿಶಾಚರಿ. ಕೊಂಡಕುರಿ ಸಾಮಾನ್ಯವಾಗಿ ಒಂಟಿಯಾಗಿ ಪೊದೆಗಳ ಮರೆಯಲ್ಲಿರುವ ಪ್ರಾಣಿ. ಮನುಷ್ಯನ ಸುಳಿವು ಸಿಕ್ಕೊಡನೆ ಮರೆಯಾಗುತ್ತದೆ. ಕಲಬುರಗಿಯಿಂದ ಬೆಳಿಗ್ಗೆ ಹೊರಟವರು ಕಾಡನ್ನು ತಲುಪುವ ವೇಳೆಗೆ ಬಿಸಿಲು ಏರಿರುತ್ತದೆ. ಇವರಿಗೆ ಪಕ್ಷಿಗಳು, ಮರಗಳಲ್ಲಿ ತೂಗುವ ಬಾವಲಿಗಳ ಹಿಂಡು, ಬಯಲಿನಲ್ಲಿ ಹಗಲಿನಲ್ಲೂ ಮೇಯುವ ಕೃಷ್ಣಮೃಗ ಹಾಗೂ ದಾರಿಯ ಮಣ್ಣಿನ ಮೇಲಿನ ಹೆಜ್ಜೆಗುರುತುಗಳು ಕಾಣುವ ಸಂಭವ ಹೆಚ್ಚು. ತೋಳವನ್ನೇ ನೋಡಬೇಕೆಂಬ ಅಪೇಕ್ಷೆಯುಳ್ಳವರು ಹಿಂದಿನ ರಾತ್ರಿಯೇ ಚಿಂಚೋಳಿಯಲ್ಲಿ ತಂಗುವುದು ಸೂಕ್ತ. ಆಗಲೂ ಪ್ರಾಣಿದರ್ಶನವನ್ನು ಯಾರೂ ಖಚಿತಪಡಿಸಲಾಗುವುದಿಲ್ಲ.

4. ಋತುವಿನ ಆಯ್ಕೆ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಈ ಪ್ರವಾಸಕ್ಕೆ ಅತ್ಯಂತ ಅನುಕೂಲಕರ. ಜಲಾಶಯದಲ್ಲಿ ನೀರಿರುತ್ತದೆ, ನಡಿಗೆಗೆ ಹವೆ ಹಿತವಾಗಿರುತ್ತದೆ. ಜಲಪಾತವನ್ನು ಮುಖ್ಯವಾಗಿ ನೋಡಬಯಸುವವರು ಜುಲೈಯಿಂದ ಅಕ್ಟೋಬರ್‌ವರೆಗಿನ ಮಳೆಯ ದಿನಗಳನ್ನು ಆರಿಸಿಕೊಳ್ಳಬಹುದು. ಆದರೆ ಆ ದಿನಗಳಲ್ಲಿ ಹುಲ್ಲು ಎತ್ತರವಾಗಿ ಬೆಳೆದು ಪ್ರಾಣಿಗಳು ಕಾಣುವುದು ಕಡಿಮೆ, ಬಂಡೆಗಳು ಜಾರುತ್ತವೆ, ಹಳ್ಳಗಳು ಏಕಾಏಕಿ ತುಂಬುತ್ತವೆ.

ಮಾರ್ಚ್‌ನಿಂದ ಮೇ ತಿಂಗಳವರೆಗೆ ನೀರಿನ ಸೆಲೆಗಳು ಕಡಿಮೆಯಾಗಿ ಪ್ರಾಣಿಗಳು ಉಳಿದ ನೀರಿನ ಬಳಿಗೆ ಬರುತ್ತವೆ. ವೀಕ್ಷಣೆಗೆ ಇದು ಅನುಕೂಲವೆಂದು ತೋರಬಹುದು. ಆದರೆ ಕಲಬುರಗಿ ಸೀಮೆಯ ಉಷ್ಣಾಂಶ ಈ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಡುಹಗಲಿನ ಚಾರಣ ಆರೋಗ್ಯಕ್ಕೆ ಅಪಾಯಕಾರಿ. ಅಲ್ಲದೆ ಬಾಯಾರಿದ ಪ್ರಾಣಿಗೂ ನೀರಿಗೂ ನಡುವೆ ಜನ ನಿಂತರೆ ಅದು ನೀರು ಕುಡಿಯದೆ ಹಿಂದಿರುಗುತ್ತದೆ. ಇದು ಕಾಡಿನ ಬೆಂಕಿಯ ಕಾಲವೂ ಹೌದು. ಆದಕಾರಣ ಬೇಸಿಗೆಯಲ್ಲಿ ಒಂದು ದಿನದ ಸಂಯುಕ್ತ ಪ್ರವಾಸವನ್ನು ಕೈಗೊಳ್ಳದಿರುವುದೇ ಲೇಸು.

5. ಸಮಯದ ಲೆಕ್ಕ

ಪ್ರವಾಸದ ಯೋಜನೆಯಲ್ಲಿ ಇದೇ ಮುಖ್ಯ ಭಾಗ. ಹಿಂದಿರುಗುವ ವೇಳೆಯನ್ನು ಮೊದಲು ಬರೆದುಕೊಂಡು, ಅದರಿಂದ ಮುನ್ನೆಚ್ಚರಿಕೆಯ ಅವಧಿಯನ್ನೂ ಪ್ರಯಾಣದ ಅವಧಿಯನ್ನೂ ಕಳೆಯಬೇಕು. ಉಳಿದಿದ್ದೇ ಕಾಡಿಗೆ ಮೀಸಲು. ಬೆಳಿಗ್ಗೆ 6 ಗಂಟೆಗೆ ಕಲಬುರಗಿಯಲ್ಲಿ ಇಳಿದು ರಾತ್ರಿ 8 ಗಂಟೆಯ ರೈಲಿಗೆ ಹೊರಡುವವರಿಗೆ ಬಾಡಿಗೆ ವಾಹನದ ಆಧಾರದ ಮೇಲೆ ಮಾದರಿ ವೇಳಾಪಟ್ಟಿ ಹೀಗಿದೆ:

ಬೆಳಿಗ್ಗೆ 6.00 – 7.00: ನಿಲ್ದಾಣದಿಂದ ಹೊರಬಂದು ಉಪಾಹಾರ, ಬುತ್ತಿ ಮತ್ತು ನೀರಿನ ಸಂಗ್ರಹ
7.00 – 9.30: ಚಿಂಚೋಳಿಗೆ ಪ್ರಯಾಣ
9.30 – 10.00: ಅನುಮತಿ ಪತ್ರ ತೋರಿಸಿ ಮಾರ್ಗದರ್ಶಕರನ್ನು ಕರೆದುಕೊಳ್ಳುವುದು
10.00 – 10.45: ಚಂದ್ರಂಪಳ್ಳಿ ಜಲಾಶಯಕ್ಕೆ ಪ್ರಯಾಣ
10.45 – 12.45: ಚಾರಣ
12.45 – 2.00: ನೆರಳಿನಲ್ಲಿ ಊಟ ಮತ್ತು ವಿಶ್ರಾಂತಿ
2.00 – 3.00: ಜಲಾಶಯದ ಅಂಚಿನಲ್ಲಿ ಪಕ್ಷಿ ವೀಕ್ಷಣೆ
3.00 – ಸಂಜೆ 6.15: ಕಲಬುರಗಿಗೆ ಹಿಂದಿರುಗುವುದು
6.15 – 8.00: ಮುನ್ನೆಚ್ಚರಿಕೆಯ ಅವಧಿ

ಒಟ್ಟು 14 ಗಂಟೆಗಳಲ್ಲಿ ಕಾಡಿನ ಬಳಿ ದೊರೆಯುವುದು 4 ಗಂಟೆ 15 ನಿಮಿಷ ಮಾತ್ರ. ಕೊನೆಯ 1 ಗಂಟೆ 45 ನಿಮಿಷವನ್ನು ವ್ಯರ್ಥವೆಂದು ಭಾವಿಸಿ ಚಾರಣಕ್ಕೆ ಸೇರಿಸಿಕೊಳ್ಳಬಾರದು. ಚಕ್ರದ ಗಾಳಿ ಹೋಗುವುದು, ರಸ್ತೆ ಕಾಮಗಾರಿ, ಕಬ್ಬಿನ ಗಾಡಿಗಳ ಸಾಲು, ಮಳೆ ಇವುಗಳಲ್ಲಿ ಯಾವುದಾದರೊಂದು ಎದುರಾದರೂ ಆ ಅವಧಿಯೇ ಪ್ರಯಾಣಿಕರನ್ನು ಕಾಪಾಡುತ್ತದೆ. ನಗರದ ಪಕ್ಕದ ಶರಣಸಿರಸಗಿಯಂತಹ ಗ್ರಾಮಗಳಲ್ಲಿ ಬಂಧುಗಳ ಮನೆಯಿಂದ ಹೊರಡುವವರು ನಗರವನ್ನು ದಾಟುವ ಸಮಯವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಕಲಬುರಗಿಯಿಂದ ಚಿಂಚೋಳಿಗೆ ಸಂಚರಿಸುತ್ತವೆ. ಆದರೆ ಚಿಂಚೋಳಿಯಿಂದ ಜಲಾಶಯಕ್ಕೆ ಬೇರೆ ವಾಹನ ಹಿಡಿಯಬೇಕಾಗುವುದರಿಂದ, ರಾತ್ರಿಯ ರೈಲು ನಿಗದಿಯಾಗಿರುವವರು ಬಸ್ಸನ್ನೇ ನಂಬಿ ಹೊರಡುವುದು ಸೂಕ್ತವಲ್ಲ. ಹಗಲಿನಲ್ಲಿ 12 ಗಂಟೆಗಿಂತ ಕಡಿಮೆ ಸಮಯವಿರುವವರು ಈ ಪ್ರವಾಸವನ್ನು ಕೈಗೊಳ್ಳಬಾರದು. ಅಂತಹವರಿಗೆ ಬದಲಿ ವ್ಯವಸ್ಥೆಯನ್ನು 9ನೇ ವಿಭಾಗದಲ್ಲಿ ತಿಳಿಸಲಾಗಿದೆ.

6. ಅನುಮತಿ ಮತ್ತು ಕಾಯ್ದೆ

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 27ನೇ ಪ್ರಕರಣದಂತೆ ವನ್ಯಜೀವಿಧಾಮಕ್ಕೆ ಪ್ರವೇಶ ನಿರ್ಬಂಧಿತ. ಪ್ರವಾಸ, ಛಾಯಾಗ್ರಹಣ, ಅಧ್ಯಯನ ಮುಂತಾದ ಉದ್ದೇಶಗಳಿಗೆ 28ನೇ ಪ್ರಕರಣದಡಿ ಅನುಮತಿ ಪಡೆಯಬೇಕು. ಬೆಂಕಿ ಹಚ್ಚುವುದನ್ನು 30ನೇ ಪ್ರಕರಣವೂ, ಆಯುಧದೊಡನೆ ಪ್ರವೇಶಿಸುವುದನ್ನು 31ನೇ ಪ್ರಕರಣವೂ ನಿಷೇಧಿಸುತ್ತವೆ. ಅಡುಗೆಗೆ ಒಲೆ ಹೂಡುವುದು ಸಹ ಬೆಂಕಿ ಹಚ್ಚಿದಂತೆಯೇ ಎಂಬುದನ್ನು ಗಮನಿಸಬೇಕು. ಕೃಷ್ಣಮೃಗ, ತೋಳ ಮತ್ತು ಕೊಂಡಕುರಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿಗಳು.

ನಿಲುಗಡೆಯ ದಿನದಂದು ಕಚೇರಿ ತೆರೆಯುವುದನ್ನು ಕಾಯುತ್ತ ಕುಳಿತರೆ ಕಾಡಿಗೆಂದು ಉಳಿಸಿದ ಗಂಟೆಗಳು ಅಲ್ಲೇ ಕಳೆಯುತ್ತವೆ. ಆದ್ದರಿಂದ ಕಲಬುರಗಿ ಅಥವಾ ಚಿಂಚೋಳಿಯ ಅರಣ್ಯ ಇಲಾಖಾ ಕಚೇರಿಯನ್ನು ಮುಂಚಿತವಾಗಿ ಸಂಪರ್ಕಿಸಿ, ತಂಡದ ಸದಸ್ಯರ ಸಂಖ್ಯೆ, ವಾಹನದ ವಿವರ, ಹೋಗಬಯಸುವ ದಾರಿ ತಿಳಿಸಿ ಅನುಮತಿ ಪಡೆದಿರಬೇಕು. ಆ ದಿನ ಯಾವ ದಾರಿ ತೆರೆದಿದೆ ಎಂಬುದನ್ನೂ ಅಲ್ಲಿಯೇ ವಿಚಾರಿಸಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದ ಚಾರಣಪಥದಲ್ಲಿ ಒಮ್ಮೆಗೇ ಅತಿಯಾದ ಜನದಟ್ಟಣೆ ಉಂಟಾದ ನಂತರ ರಾಜ್ಯದಲ್ಲಿ ಚಾರಣಕ್ಕೆ ಮುಂಗಡ ನೋಂದಣಿ ಪದ್ಧತಿಯನ್ನು ಬಿಗಿಗೊಳಿಸಲಾಯಿತು. ಅನುಮತಿ ಎಂಬುದು ಶುಲ್ಕ ವಸೂಲಿಗಾಗಿ ಇರುವುದಲ್ಲ; ಸಂಜೆ ಎಷ್ಟು ಜನ ಹೊರಬರಬೇಕು ಎಂಬುದರ ಲೆಕ್ಕ ಇಲಾಖೆಯ ಬಳಿ ಇರುವುದಕ್ಕಾಗಿ.

7. ಸಾಹಸ ಮತ್ತು ವನ್ಯಜೀವಿ: ಎರಡರ ಹೊಂದಾಣಿಕೆ

ಸಾಹಸವೆಂದರೆ ಕೂಗು, ಓಟ, ನೀರಿಗೆ ಹಾರುವುದು ಎಂಬ ಭಾವನೆ ಸಾಮಾನ್ಯ. ವನ್ಯಜೀವಿ ವೀಕ್ಷಣೆಗೆ ಬೇಕಾದುದು ಮೌನ ಮತ್ತು ತಾಳ್ಮೆ. ಒಂದೇ ದಿನದಲ್ಲಿ ಎರಡೂ ಬೇಕೆಂದರೆ ಸಾಹಸವು ವೀಕ್ಷಣೆಯ ನಿಯಮಕ್ಕೆ ಒಳಪಡಬೇಕು. ತಂಡದಲ್ಲಿ 8–10 ಜನರಿಗಿಂತ ಹೆಚ್ಚಿರದಿದ್ದರೆ ಒಳ್ಳೆಯದು. ಮಣ್ಣಿನ ಬಣ್ಣಕ್ಕೆ ಹೊಂದುವ ಉಡುಪು, ಪಾದವನ್ನು ಮುಚ್ಚುವ ಬೂಟು, ದುರ್ಬೀನು, ತಲೆಗೆ ಟೋಪಿ ಅಥವಾ ರುಮಾಲು ಇರಬೇಕು. ಧ್ವನಿವರ್ಧಕ, ಪಟಾಕಿ, ಮದ್ಯ ಕೂಡದು. ನಡಿಗೆಯನ್ನು ಮೊದಲು ಮುಗಿಸಿ, ದಣಿವಾರಿದ ಮೇಲೆ ಒಂದು ಕಡೆ ಕುಳಿತು ನೋಡುವ ಕ್ರಮವನ್ನು ಮೇಲಿನ ವೇಳಾಪಟ್ಟಿಯಲ್ಲಿ ಅನುಸರಿಸಲಾಗಿದೆ. ಒಂದೆಡೆ ಅರ್ಧ ಗಂಟೆ ಅಲುಗಾಡದೆ ಕುಳಿತವರಿಗೆ ಕಾಣುವಷ್ಟು ಹಕ್ಕಿಗಳು ಐದು ಕಿ.ಮೀ. ಮಾತನಾಡುತ್ತ ನಡೆದವರಿಗೆ ಕಾಣುವುದಿಲ್ಲ.

ಜಲಾಶಯದಲ್ಲಿ ಈಜಬಾರದು. ಮೇಲ್ಮೈ ಶಾಂತವಾಗಿದ್ದರೂ ಆಳ ತಿಳಿಯುವುದಿಲ್ಲ. ನೀರು ಇಳಿದ ಅಂಚಿನ ಹೂಳು ಗಟ್ಟಿಯಾಗಿ ಕಂಡರೂ ಕಾಲಿಟ್ಟಾಗ ಕುಸಿಯುತ್ತದೆ. ಊರಿನ ಕೆರೆಯಲ್ಲಿ ಈಜು ಕಲಿತವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಜಲಪಾತದ ನೆತ್ತಿಯಲ್ಲಿ ಅಥವಾ ಜಾರುಬಂಡೆಯ ಅಂಚಿನಲ್ಲಿ ನಿಂತು ಛಾಯಾಚಿತ್ರ ತೆಗೆದುಕೊಳ್ಳಬಾರದು.

8. ಸುರಕ್ಷತೆ ಮತ್ತು ಸ್ಥಳೀಯ ಜನರು

ಪ್ರತಿಯೊಬ್ಬರೂ ಕನಿಷ್ಠ 3 ಲೀಟರ್ ನೀರು, ಉಪ್ಪು–ಸಕ್ಕರೆ ದ್ರಾವಣದ ಪೊಟ್ಟಣ, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಒಯ್ಯಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕುಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದಂತೆ ಇರಿಸಿ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಕಾಡಿನೊಳಗೆ ಮೊಬೈಲ್ ಸಂಪರ್ಕ ಎಲ್ಲೆಡೆ ದೊರೆಯುವುದಿಲ್ಲವಾದ್ದರಿಂದ, ಹಿಂದಿರುಗುವ ವೇಳೆಯನ್ನು ಹೊರಗಿನ ಒಬ್ಬರಿಗೆ ತಿಳಿಸಿರಬೇಕು. ತುರ್ತು ಸೇವೆಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಸಂಬಂಧಿತ ಮಾಹಿತಿ ಅಥವಾ ದೂರಿಗೆ 1926 ಸಂಖ್ಯೆಗೆ ಕರೆ ಮಾಡಬಹುದು.

ಈ ಕಾಡು ನಿರ್ಜನವಲ್ಲ. ಧಾಮದ ಒಳಗೂ ಸುತ್ತಲೂ ಲಂಬಾಣಿ ತಾಂಡಾಗಳೂ ಹಳ್ಳಿಗಳೂ ಇವೆ. ಕನ್ನಡ, ತೆಲುಗು, ಲಂಬಾಣಿ, ಉರ್ದು ಮಾತುಗಳು ಇಲ್ಲಿ ಬೆರೆತಿವೆ. ಅನುಮತಿಯಿಲ್ಲದೆ ಜನರ ಛಾಯಾಚಿತ್ರ ತೆಗೆಯಬಾರದು, ಹೊಲಗಳನ್ನು ತುಳಿಯಬಾರದು. ಸ್ಥಳೀಯ ಮಾರ್ಗದರ್ಶಕರಿಗೆ ಕೂಲಿಯನ್ನು ಮೊದಲೇ ಮಾತನಾಡಿ ಪೂರ್ಣವಾಗಿ ಕೊಡಬೇಕು. ಹಳ್ಳ ಯಾವಾಗ ಏರುತ್ತದೆ, ಯಾವ ದಾರಿಯಲ್ಲಿ ಹೋಗಬಾರದು ಎಂಬ ಅವರ ಮಾತನ್ನು ಮೀರಬಾರದು. ತಿಂಡಿಯ ಪೊಟ್ಟಣ, ಬಾಟಲಿಗಳನ್ನು ಚೀಲದಲ್ಲಿ ತುಂಬಿ ನಗರಕ್ಕೆ ಮರಳಿ ತರಬೇಕು.

9. ಸಮಯ ಸಾಲದವರಿಗೆ

ಆರು ಗಂಟೆಗಳ ಅವಕಾಶವಿರುವವರು ಕಲಬುರಗಿ ನಗರದಲ್ಲಿಯೇ ಉಳಿಯಬಹುದು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿಯ ಕೋಟೆ, ಅದರೊಳಗಿನ 1367ರ ಜಾಮಿ ಮಸೀದಿ, ಶರಣಬಸವೇಶ್ವರ ದೇವಸ್ಥಾನ, ಖ್ವಾಜಾ ಬಂದೇ ನವಾಜ್ ದರ್ಗಾ, 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ ನೋಡತಕ್ಕವು. ಬೆಳಗಿನ ಹೊತ್ತು ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ಪಕ್ಷಿ ವೀಕ್ಷಣೆ ಸಾಧ್ಯ.

ಎಂಟು ಗಂಟೆಗಳಿರುವವರು ಹುಮನಾಬಾದ್ ಮಾರ್ಗದಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರದವರೆಗೆ ಹೋಗಿಬರಬಹುದು. ಭೌಗೋಳಿಕ ಸೂಚಿಕೆ ಪಡೆದಿರುವ ಕಮಲಾಪುರದ ಕೆಂಪು ಬಾಳೆ ಈ ಭಾಗದ ಹೆಮ್ಮೆಯ ಬೆಳೆ. ತೋಟದ ಮಾಲೀಕರ ಒಪ್ಪಿಗೆ ಪಡೆದು ಬೆಳೆಯನ್ನು ನೋಡಬಹುದು. 2017ರಲ್ಲಿ ಆರಂಭವಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಕಮಲಾಪುರದ ಮೂಲಕ ಹಾಯ್ದುಹೋಗುತ್ತದೆ.

10. ಉಪಸಂಹಾರ

ಒಂದು ದಿನದ ನಿಲುಗಡೆಯಲ್ಲಿ ಎಲ್ಲವನ್ನೂ ನೋಡಲಾಗುವುದಿಲ್ಲ. ಜಲಾಶಯ, ಜಲಪಾತ, ಗೊಟ್ಟಂಗೊಟ್ಟ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸಲು ಹೊರಟವರು ಹೆಚ್ಚಿನ ಹೊತ್ತನ್ನು ವಾಹನದಲ್ಲಿಯೇ ಕಳೆದು, ಕತ್ತಲಾದ ಮೇಲೆ ಅವಸರದಿಂದ ಹಿಂದಿರುಗಬೇಕಾಗುತ್ತದೆ. ರಾತ್ರಿಯ ಅವಸರದ ವಾಹನಕ್ಕೆ ರಸ್ತೆ ದಾಟುವ ಪ್ರಾಣಿಯೂ ಬಲಿಯಾಗಬಹುದು, ಒಳಗಿರುವ ಕುಟುಂಬವೂ ಅಪಾಯಕ್ಕೆ ಸಿಲುಕಬಹುದು. ಆದುದರಿಂದ ಒಂದು ಸ್ಥಳ, ಒಂದು ನಡಿಗೆ, ಒಂದು ಕಡೆ ಕುಳಿತು ನೋಡುವುದು ಇಷ್ಟನ್ನೇ ಯೋಜಿಸಿಕೊಳ್ಳಬೇಕು. ಮಧ್ಯಾಹ್ನ 3 ಗಂಟೆಯಾದೊಡನೆ, ನೋಡಬೇಕಾದುದು ಇನ್ನೂ ಉಳಿದಿದ್ದರೂ, ಹೊರಡಬೇಕು. ಉಳಿದುದನ್ನು ಮತ್ತೊಮ್ಮೆ ಬಂದು ನೋಡಬಹುದು. ಪ್ರವಾಸಿಗರು ಮೇಲ್ಕಂಡ ಸೂಚನೆಗಳನ್ನು ಪಾಲಿಸಿ, ಕಾಡು ಮತ್ತು ಕಾಡಂಚಿನ ಜನರ ನೆಮ್ಮದಿಗೆ ಭಂಗ ಬಾರದಂತೆ ಸಹಕರಿಸಬೇಕೆಂದು ಕೋರಲಾಗಿದೆ.