ಯಾರೂ ಕೊಳ್ಳದ ಒಂದು ಧ್ವನಿಮುದ್ರಿಕೆ

(ಬಾನುಲಿ ಭಾಷಣ)

ವಿಮರ್ಶಕರು ಮಾಡಿದ ತಪ್ಪುಗಳ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ ಅದು ಸಾಹಿತ್ಯಚರಿತ್ರೆಗಿಂತಲೂ ದಪ್ಪನೆಯ ಗ್ರಂಥವಾದೀತು. ಆ ಗ್ರಂಥಕ್ಕೆ ಸೇರಬೇಕಾದ ಒಂದು ಅಧ್ಯಾಯವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಸಾಹಿತ್ಯಕ್ಕೆ ಸಂಬಂಧಿಸಿದ್ದಲ್ಲ. ಅಮೆರಿಕದ ರಾಕ್ ಸಂಗೀತಕ್ಕೆ ಸಂಬಂಧಿಸಿದ್ದು. 1968ರ ಜನವರಿ 30ರಂದು, ನ್ಯೂಯಾರ್ಕಿನ ‘ದಿ ವೆಲ್ವೆಟ್ ಅಂಡರ್‌ಗ್ರೌಂಡ್’ ಎಂಬ ಮೇಳದ ಎರಡನೆಯ ಧ್ವನಿಮುದ್ರಿಕೆ ಹೊರಬಂತು. ಅದರ ಹೆಸರು ‘ವೈಟ್ ಲೈಟ್/ವೈಟ್ ಹೀಟ್’. ಅಮೆರಿಕದಲ್ಲಿ ಬಿಲ್‌ಬೋರ್ಡ್ ಎಂಬ ಪತ್ರಿಕೆ ಹೆಚ್ಚು ಮಾರಾಟವಾಗುವ ಇನ್ನೂರು ಮುದ್ರಿಕೆಗಳ ಪಟ್ಟಿಯೊಂದನ್ನು ವಾರವಾರವೂ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಈ ಮುದ್ರಿಕೆ ಏರಿದ ಅತ್ಯುನ್ನತ ಸ್ಥಾನ 199. ಬಾಗಿಲಿನೊಳಗೆ ತಲೆ ಹಾಕಿ, ಯಾರೂ ಬಾ ಎನ್ನದಿದ್ದಾಗ ಹಿಂದಿರುಗಿದ ಅತಿಥಿಯಂತೆ ಅದು ಮಾಯವಾಯಿತು.

ಇದನ್ನು ಹೇಳಲು ನನಗೆ ಅಧಿಕಾರವೇನು ಎಂದು ನೀವು ಕೇಳಬಹುದು. ನನ್ನ ಅಧಿಕಾರ ಅಪರಾಧಿಯದು. ಕಾಲೇಜಿನ ದಿನಗಳಲ್ಲಿ, ವಿದೇಶದಿಂದ ಬಂದ ಗೆಳೆಯನೊಬ್ಬನ ಕೋಣೆಯಲ್ಲಿ ನಾನು ಈ ಮುದ್ರಿಕೆಯನ್ನು ಮೊದಲು ಕೇಳಿದೆ. ಕೇಳಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಎರಡನೆಯ ಬದಿಯ ಕೊನೆಯ ಹಾಡು ಆರಂಭವಾಗಿ ನಾಲ್ಕು ನಿಮಿಷ ಕಳೆಯುವುದರೊಳಗೆ ನಾನೇ ಎದ್ದು ಮುಳ್ಳನ್ನು ಎತ್ತಿಬಿಟ್ಟೆ. “ಇದು ಸಂಗೀತವಲ್ಲ, ಯಂತ್ರದ ಕಾಯಿಲೆ” ಎಂದು ತೀರ್ಪು ಕೊಟ್ಟೆ. ಗೆಳೆಯ ಮಾತಾಡದೆ ತಟ್ಟೆಯನ್ನು ಕಪ್ಪು ಚೀಲದೊಳಗಿಟ್ಟ. ಆ ಮೌನ ಬಹಳ ಕಾಲ ನನ್ನನ್ನು ಕಾಡಿತು.

ಮೇಳದಲ್ಲಿದ್ದವರು ನಾಲ್ವರು. ಹಾಡುಗಳನ್ನು ಬರೆದು ಹಾಡುತ್ತಿದ್ದವನು ಲೂ ರೀಡ್. ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಕವಿ ಡೆಲ್ಮೋರ್ ಶ್ವಾರ್ಟ್ಸ್‌ನ ಶಿಷ್ಯನಾಗಿದ್ದವನು. ವಯೋಲ ನುಡಿಸುತ್ತಿದ್ದ ಜಾನ್ ಕೇಲ್ ವೇಲ್ಸ್ ದೇಶದವನು, ಶಾಸ್ತ್ರೀಯ ಸಂಗೀತದಲ್ಲಿ ಪಳಗಿದವನು. ಗಿಟಾರಿನಲ್ಲಿ ಸ್ಟರ್ಲಿಂಗ್ ಮಾರಿಸನ್. ಮೌರೀನ್ ಟಕರ್ ಎಂಬ ಯುವತಿ ನಿಂತುಕೊಂಡು, ದೊಡ್ಡ ಡೋಲನ್ನು ಅಡ್ಡ ಮಲಗಿಸಿ, ಒಂದೇ ಹದದಲ್ಲಿ ಬಾರಿಸುತ್ತಿದ್ದಳು. 1967ರಲ್ಲಿ ಬಂದ ಇವರ ಮೊದಲ ಮುದ್ರಿಕೆಗೆ ಚಿತ್ರಕಾರ ಆಂಡಿ ವಾರ್ಹಾಲ್‌ನ ಆಶ್ರಯವಿತ್ತು. ಆತ ಬರೆದ ಬಾಳೆಯ ಹಣ್ಣು ಅದರ ಹೊದಿಕೆಯ ಮೇಲಿತ್ತು. ಅದೂ ಮಾರಾಟವಾಗಲಿಲ್ಲ, ಅದರ ಅತ್ಯುನ್ನತ ಸ್ಥಾನ 171. ಎರಡನೆಯ ಮುದ್ರಿಕೆಯ ಹೊತ್ತಿಗೆ ವಾರ್ಹಾಲ್‌ನಿಂದಲೂ, ಅವನು ತಂದುಕೂಡಿಸಿದ್ದ ಗಾಯಕಿ ನಿಕೊಳಿಂದಲೂ ಮೇಳ ಬೇರ್ಪಟ್ಟಿತ್ತು. ಜನರ ಕಣ್ಣು ಸೆಳೆಯಬಲ್ಲ ಯಾವ ಆಭರಣವೂ ಇರಲಿಲ್ಲ. ಹೊದಿಕೆಯೂ ಕಪ್ಪು, ಆ ಕಪ್ಪಿನ ಮೇಲೆ ಕಪ್ಪಿನಲ್ಲೇ ಅಚ್ಚಾದ, ಬೆಳಕಿಗೆ ಓರೆಯಾಗಿ ಹಿಡಿದಲ್ಲದೆ ಕಾಣದ ಒಂದು ತಲೆಬುರುಡೆಯ ಹಚ್ಚೆ.

1967ರ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳಲ್ಲಿ, ಆರು ಹಾಡುಗಳನ್ನು ಮುದ್ರಿಸಿದರು. ನಿರ್ಮಾಪಕ ಟಾಮ್ ವಿಲ್ಸನ್. ಜಾಸ್‌ನ ಹೊಸ ಪ್ರಯೋಗಗಳನ್ನೂ ಬಾಬ್ ಡಿಲನ್‌ನ ಹಾಡುಗಳನ್ನೂ ಮುದ್ರಿಸಿದ ಅನುಭವಿ. ಮೇಳದವರು ವೇದಿಕೆಯ ಮೇಲೆ ಎಷ್ಟು ಗಟ್ಟಿಯಾಗಿ ನುಡಿಸುತ್ತಿದ್ದರೋ ಅಷ್ಟೇ ಗಟ್ಟಿಯಾಗಿ ಇಲ್ಲಿಯೂ ನುಡಿಸಲು ಹಟ ಹಿಡಿದರು. ಒಂದು ವಾದ್ಯದ ಧ್ವನಿ ಇನ್ನೊಂದರ ಮೈಕಿನೊಳಕ್ಕೆ ನುಗ್ಗಿತು; ಮಾಪಕದ ಸೂಚಿ ಕೆಂಪು ಗೆರೆಯನ್ನು ದಾಟಿ ಅಲ್ಲಿಯೇ ನಿಂತಿತು. ‘ದಿ ಗಿಫ್ಟ್’ ಎಂಬುದು ಹಾಡೇ ಅಲ್ಲ, ರೀಡ್ ವಿದ್ಯಾರ್ಥಿದೆಸೆಯಲ್ಲಿ ಬರೆದ ಒಂದು ಕಥೆ. ಪ್ರೇಯಸಿಯನ್ನು ನೋಡಲು ಪ್ರಯಾಣದ ಖರ್ಚಿಲ್ಲದ ಯುವಕನೊಬ್ಬ ತನ್ನನ್ನೇ ಪೆಟ್ಟಿಗೆಯಲ್ಲಿಟ್ಟು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾನೆ. ಪೆಟ್ಟಿಗೆಯನ್ನು ಒಡೆಯುವಾಗ ಅವನ ತಲೆಯೂ ಸೀಳುತ್ತದೆ. ಒಂದು ಧ್ವನಿವರ್ಧಕದಲ್ಲಿ ಕೇಲ್‌ನ ನಿರ್ವಿಕಾರವಾದ ವಾಚನ, ಇನ್ನೊಂದರಲ್ಲಿ ವಾದ್ಯಗಳು. ಕೊನೆಯದು ‘ಸಿಸ್ಟರ್ ರೇ’: ಮೂರೇ ಸ್ವರಮೇಳಗಳ ಮೇಲೆ, ಮಂದ್ರದ ಗಿಟಾರಿಲ್ಲದೆ, ಹದಿನೇಳು ನಿಮಿಷಕ್ಕೂ ಮಿಕ್ಕಿ, ಒಂದೇ ಸಲಕ್ಕೆ ನುಡಿಸಿ ಮುಗಿಸಿದ್ದು. ಇದನ್ನು ಮುದ್ರಿಸುವಾಗ ತಂತ್ರಜ್ಞ ಯಂತ್ರವನ್ನು ಚಾಲೂ ಮಾಡಿ, ಮುಗಿದ ಮೇಲೆ ಕರೆಯಿರೆಂದು ಹೇಳಿ ಹೊರಗೆ ಹೋದನೆಂದು ರೀಡ್ ಮುಂದೆ ಹೇಳುತ್ತಿದ್ದ. ಈ ಮಾತು ನಿಜವಾದರೆ ಮುದ್ರಿಕೆಯ ಮೊಟ್ಟಮೊದಲ ವಿಮರ್ಶೆ ಅದೇ. ನನ್ನ ವಿಮರ್ಶೆಯೂ ಅದಕ್ಕಿಂತ ಭಿನ್ನವಾಗಿರಲಿಲ್ಲ.

ಇನ್ನು ಅಚ್ಚಾದ ವಿಮರ್ಶೆಗೆ ಬರೋಣ. ರಾಕ್ ಸಂಗೀತದ ವಿಮರ್ಶೆಯೆಂಬುದೇ ಆಗ ಹಾಲುಗಲ್ಲದ ಕೂಸು ಎಂಬುದನ್ನು ಮರೆಯಬಾರದು. ಪಾಲ್ ವಿಲಿಯಮ್ಸ್ ಎಂಬ ಕಾಲೇಜು ಹುಡುಗ ‘ಕ್ರಾಡ್ಯಾಡಿ’ ಪತ್ರಿಕೆಯನ್ನು ಹೊರಡಿಸಿದ್ದು 1966ರಲ್ಲಿ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ‘ರೋಲಿಂಗ್ ಸ್ಟೋನ್’ ಆರಂಭವಾದದ್ದು 1967ರ ನವೆಂಬರಿನಲ್ಲಿ. ಈ ಎಳೆಯ ವಿಮರ್ಶೆಯ ಕೈಗೆ ಸಿಕ್ಕಿದ ಅಳತೆಗೋಲು 1967ರ ಜೂನಿನ ಬೀಟಲ್ಸರ ‘ಸಾರ್ಜೆಂಟ್ ಪೆಪ್ಪರ್’. ಶ್ರುತಿಶುದ್ಧಿ, ವಾದ್ಯಗಳ ಕುಶಲ ಸಂಯೋಜನೆ, ಮುದ್ರಣದ ನಯ — ರಾಕ್ ಸಂಗೀತವೂ ಕಲೆಯೆಂದು ಹಿರಿಯರಿಗೆ ರುಜುವಾತು ಮಾಡಲು ವಿಮರ್ಶಕರು ಹಿಡಿದಿದ್ದ ಸಾಕ್ಷ್ಯ ಇದು. ಅಂಥ ಸಮಯದಲ್ಲಿ, ಆ ಸಾಕ್ಷ್ಯವನ್ನೆಲ್ಲ ಕೆಸರಿನಲ್ಲಿ ಅದ್ದಿದಂಥ ಮುದ್ರಿಕೆಯೊಂದು ಬಂದರೆ ಅವರು ಹೇಗೆ ಸ್ವಾಗತಿಸಿಯಾರು? ಪಶ್ಚಿಮ ಕರಾವಳಿಯ ‘ಪ್ರೇಮ ಮತ್ತು ಹೂವು’ಗಳ ವಾತಾವರಣಕ್ಕಂತೂ ಈ ಮೇಳ ಅಪಶಕುನವಾಗಿತ್ತು, 1966ರಲ್ಲಿಯೇ ಅಲ್ಲಿನ ಹಿರಿಯ ವಿಮರ್ಶಕ ರಾಲ್ಫ್ ಗ್ಲೀಸನ್ ಇವರ ಪ್ರದರ್ಶನವನ್ನು ಕಟುವಾಗಿ ಖಂಡಿಸಿದ್ದ. ಹಾಡುಗಳ ವಸ್ತು ಮಾದಕ ದ್ರವ್ಯ, ಹಿಂಸೆ, ನಗರದ ಅಧೋಲೋಕ. ಆದ್ದರಿಂದ ಬಾನುಲಿಯೂ ಬಾಗಿಲು ಮುಚ್ಚಿತು.

ಆದರೆ ಎಲ್ಲರೂ ಕಿವುಡರಾಗಿರಲಿಲ್ಲ. 1968ರಲ್ಲಿ ವೇಯ್ನ್ ಮೆಗ್ವಾಯರ್ ಎಂಬಾತ ‘ಕ್ರಾಡ್ಯಾಡಿ’ಯಲ್ಲಿ ದೀರ್ಘವಾದ ಲೇಖನವೊಂದನ್ನು ಬರೆದು, ಈ ಮೇಳವನ್ನು ಸಮಕಾಲೀನ ಮೇಳಗಳೆಲ್ಲಕ್ಕಿಂತ ಎತ್ತರದಲ್ಲಿ ಕೂರಿಸಿದ. ಲೇಖನದ ಶೀರ್ಷಿಕೆ ‘ಬಾಸ್ಟನ್ ಸೌಂಡ್’. ತವರೂರಾದ ನ್ಯೂಯಾರ್ಕಿನಲ್ಲಿ 1967ರಿಂದ 1970ರವರೆಗೆ ಹೆಚ್ಚುಕಡಿಮೆ ನುಡಿಸದೆಯೇ ಇದ್ದ ಮೇಳಕ್ಕೆ ಬಾಸ್ಟನ್ನಿನ ಸಭಾಂಗಣವೊಂದು ನೆಲೆಯಾಗಿತ್ತು. ಇನ್ನೊಬ್ಬ ಕ್ಯಾಲಿಫೋರ್ನಿಯದ ಹುಡುಗ, ಲೆಸ್ಟರ್ ಬ್ಯಾಂಗ್ಸ್. ಆತನೇ ಮುಂದೆ ನೆನೆಸಿಕೊಂಡಂತೆ, ಈ ಎರಡನೆಯ ಮುದ್ರಿಕೆಯನ್ನು ಹೊಗಳಿ ಬರೆದ ವಿಮರ್ಶೆಯನ್ನು ‘ರೋಲಿಂಗ್ ಸ್ಟೋನ್’ಗೆ ಕಳಿಸಿದ, ಅದು ಅಚ್ಚಾಗಲಿಲ್ಲ. 1969ರಲ್ಲಿ ಬೇರೊಂದು ಮೇಳದ ಮುದ್ರಿಕೆಯನ್ನು ತೆಗಳಿ ಬರೆದ, ಅದು ಅಚ್ಚಾಯಿತು. ಹೊಗಳಿಕೆಯಿಂದ ತೆರೆಯದ ಬಾಗಿಲು ತೆಗಳಿಕೆಯಿಂದ ತೆರೆಯಿತು! ಅದೇ ವರ್ಷ ವೆಲ್ವೆಟ್ ಅಂಡರ್‌ಗ್ರೌಂಡ್‌ನ ಮೂರನೆಯ ಮುದ್ರಿಕೆಯನ್ನು ಆತ ಅದೇ ಪತ್ರಿಕೆಯಲ್ಲಿ ಮೆಚ್ಚಿ ಬರೆದ. ಅಷ್ಟರಲ್ಲಿ ಕೇಲ್ ಮೇಳವನ್ನು ಬಿಟ್ಟಾಗಿತ್ತು.

ವಿಮರ್ಶಕರು ಗದ್ದಲವೆಂದು ಬದಿಗಿಟ್ಟದ್ದು ಯಾವುದು? ಇಲ್ಲಿ ನಮಗೆ ಹತ್ತಿರವಾದ ಒಂದು ಸಂಗತಿಯಿದೆ. ಕೇಲ್ ಈ ಮೇಳಕ್ಕೆ ಬರುವ ಮೊದಲು ಲಾ ಮಾಂಟ್ ಯಂಗ್ ಎಂಬ ಪ್ರಯೋಗಶೀಲ ಸಂಗೀತಗಾರನ ವೃಂದದಲ್ಲಿದ್ದ. ಅಲ್ಲಿ ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುವುದೇ ಸಾಧನೆ. ಯಂಗ್‌ನ ಮನಸ್ಸನ್ನು ಈ ಕಡೆಗೆ ತಿರುಗಿಸಿದವುಗಳಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ 1955ರ ಅಮೆರಿಕದ ಮುದ್ರಿಕೆಯೂ ಒಂದು. ಅದರಲ್ಲಿ ಅವನನ್ನು ಸೆರೆಹಿಡಿದದ್ದು ಸರೋದಿನ ಹಿಂದೆ ಮಿಡಿಯುತ್ತಿದ್ದ ತಂಬೂರಿ. 1970ರಲ್ಲಿ ಆತ ಪಂಡಿತ ಪ್ರಾಣನಾಥರ ಶಿಷ್ಯನಾದ. ಪ್ರಾಣನಾಥರದು ಕಿರಾಣಾ ಘರಾಣೆ. ಕುಂದಗೋಳದ ಸವಾಯಿ ಗಂಧರ್ವರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರು ಬೆಳಗಿದ ಅದೇ ಘರಾಣೆ. ಕೇಲ್ ಯಂಗ್‌ನನ್ನು ಬಿಟ್ಟದ್ದು ಇದಕ್ಕೆ ಮೊದಲೇ. ಆದ್ದರಿಂದ ಈ ಮುದ್ರಿಕೆಯಲ್ಲಿ ಕಿರಾಣೆಯನ್ನು ಹುಡುಕುವುದು ಅತಿರೇಕ. ಆದರೆ ಬದಲಾಗದ ಒಂದು ನಾದವನ್ನು ಆಧಾರವಾಗಿ ನಿಲ್ಲಿಸಿ, ಅದರ ಮೇಲೆ ಉಳಿದುದೆಲ್ಲ ಏಳುವುದನ್ನು ಬೀಳುವುದನ್ನು ಕೇಳುವ ಅಭ್ಯಾಸ ನಮ್ಮ ಕಿವಿಗೆ ಹೊಸದಲ್ಲ.

ವರ್ಷಗಳ ಮೇಲೆ, ಅದೇ ಗೆಳೆಯನ ಮನೆಯಲ್ಲಿ, ‘ಸಿಸ್ಟರ್ ರೇ’ಯನ್ನು ನಾನು ಕೊನೆಯವರೆಗೆ ಕೇಳಿದ್ದು ಈ ತಿಳಿವಳಿಕೆಯಿಂದ. ಮೊದಲ ನಾಲ್ಕು ನಿಮಿಷದ ಹಿಂಸೆಯನ್ನು ದಾಟಿದ ಮೇಲೆ ಗದ್ದಲದೊಳಗೆ ಒಂದು ಕ್ರಮ ಕಾಣತೊಡಗಿತು. ಕೇಲ್‌ನ ಆರ್ಗನ್ನು ಗಿಟಾರುಗಳ ಮೇಲೇರಿ ಬಂದಾಗ ಉಳಿದವರು ಅದಕ್ಕೆ ಉತ್ತರ ಕೊಡಲು ಹೆಣಗುವುದು ಕೇಳಿಸಿತು. ಎಲ್ಲರ ಕೆಳಗೆ ಟಕರಳ ಡೋಲು ಮಾತ್ರ ದಾರಿ ತಪ್ಪದೆ ನಡೆದಿತ್ತು. ಮುಳ್ಳು ತಾನಾಗಿ ಅಂಚು ಮುಟ್ಟಿದಾಗ ಗೆಳೆಯ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಪತ್ರಿಕೆಗಳು ಕಡೆಗಣಿಸಿದ ಈ ಮುದ್ರಿಕೆಗೆ ನಿಜವಾದ ವಿಮರ್ಶೆ ಬರೆದವರು ಇತರ ಸಂಗೀತಗಾರರು. ಬಾಸ್ಟನ್ನಿನ ಕಛೇರಿಗಳಲ್ಲಿ ಎಡೆಬಿಡದೆ ಕುಳಿತು ಕೇಳುತ್ತಿದ್ದ ಜೊನಾಥನ್ ರಿಚ್‌ಮನ್ ಎಂಬ ಹುಡುಗ ಮುಂದೆ ತನ್ನದೇ ಮೇಳ ಕಟ್ಟಿದ. 1973ರ ಜುಲೈಯಲ್ಲಿ ಡೇವಿಡ್ ಬೋವಿ ಲಂಡನ್ನಿನ ತನ್ನ ಪ್ರಸಿದ್ಧ ಕಛೇರಿಯಲ್ಲಿ ಇದರ ಮೊದಲ ಹಾಡನ್ನು ಹಾಡಿದ. ಇಂಗ್ಲೆಂಡಿನ ಬೋಲ್ಟನ್ನಿನಲ್ಲಿ ಹೊವಾರ್ಡ್ ಡಿವೊಟೊ ಎಂಬ ವಿದ್ಯಾರ್ಥಿ ‘ಸಿಸ್ಟರ್ ರೇ’ ನುಡಿಸಲು ಜೊತೆಗಾರರು ಬೇಕೆಂದು ಕಾಲೇಜಿನಲ್ಲಿ ಒಂದು ಚೀಟಿ ಅಂಟಿಸಿದ. ಅದರಿಂದ ಬಜ್‌ಕಾಕ್ಸ್ ಎಂಬ ಮೇಳ ಹುಟ್ಟಿತು.

ಎಲ್ಲಕ್ಕಿಂತ ಗಂಭೀರವಾದ ಕಥೆ ಪ್ರಾಗ್ ನಗರದ್ದು. ನಾಟಕಕಾರ ವಾಟ್ಸ್ಲಾವ್ ಹಾವೆಲ್ 1968ರ ವಸಂತದಲ್ಲಿ ತನ್ನ ನಾಟಕದ ಪ್ರದರ್ಶನಕ್ಕಾಗಿ ನ್ಯೂಯಾರ್ಕಿಗೆ ಹೋಗಿದ್ದ. ಮರಳುವಾಗ ಈ ಮೇಳದ ಒಂದು ಮುದ್ರಿಕೆಯನ್ನು ಕೊಂಡೊಯ್ದ. ಅದು ಮೊದಲನೆಯದೆಂದು ಕೆಲವರು, ಈ ಎರಡನೆಯದೇ ಎಂದು ಕೆಲವರು ಹೇಳುತ್ತಾರೆ. ಅದೇ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ನೊಳಕ್ಕೆ ನುಗ್ಗಿದವು. ಅದಾದ ಕೆಲವೇ ವಾರಗಳಲ್ಲಿ ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ಮೇಳ ಅಲ್ಲಿ ಹುಟ್ಟಿ, ವೆಲ್ವೆಟ್ ಅಂಡರ್‌ಗ್ರೌಂಡ್‌ನ ಹಾಡುಗಳನ್ನು ನುಡಿಸತೊಡಗಿತು. ಸರ್ಕಾರ ಅದರ ಪರವಾನಗಿಯನ್ನು ಕಿತ್ತುಕೊಂಡಿತು. ಅವರು ಹಳ್ಳಿಗಳ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ನುಡಿಸಿದರು. 1976ರಲ್ಲಿ ಆ ವಲಯದ ನಾಲ್ವರಿಗೆ ಸೆರೆಮನೆಯಾಯಿತು. ಈ ವಿಚಾರಣೆ ಹಾವೆಲ್ ಮತ್ತು ಅವನ ಸಂಗಡಿಗರನ್ನು ಕೆರಳಿಸಿತು. 1977ರ ಜನವರಿಯಲ್ಲಿ ‘ಚಾರ್ಟರ್ 77’ ಎಂಬ ಮಾನವ ಹಕ್ಕುಗಳ ಘೋಷಣಾಪತ್ರ ಹೊರಬರಲು ಅದೊಂದು ಮುಖ್ಯ ಪ್ರೇರಣೆ. 1989ರ ಕೊನೆಗೆ ಹಾವೆಲ್ ದೇಶದ ಅಧ್ಯಕ್ಷನಾದ. 1990ರಲ್ಲಿ ತನ್ನನ್ನು ಸಂದರ್ಶಿಸಲು ಬಂದ ಲೂ ರೀಡ್‌ನಿಗೆ ಈ ಕಥೆಯನ್ನು ಅವನೇ ಹೇಳಿದ. ಮೇಳವೊಂದು ಸರ್ಕಾರವನ್ನು ಉರುಳಿಸಿತೆಂದು ನಾನು ಹೇಳುತ್ತಿಲ್ಲ. ಚರಿತ್ರೆ ಅಷ್ಟು ಸರಳವಲ್ಲ. ಆದರೆ ಒಂದು ಕಡೆ ಕೊಳ್ಳುವವರಿಲ್ಲದೆ ಬಿದ್ದಿದ್ದ ಸಂಗೀತವನ್ನು ನುಡಿಸುವ ಸ್ವಾತಂತ್ರ್ಯಕ್ಕಾಗಿ ಇನ್ನೊಂದು ಕಡೆ ಜನ ಸೆರೆಮನೆಗೆ ಹೋದರು. ಮಾರಾಟದ ಪಟ್ಟಿಯಲ್ಲಿ ಇದಕ್ಕೆ ಅಂಕೆಯಿಲ್ಲ.

ಈಗ ಗಾಳಿ ಪೂರ್ತಿ ತಿರುಗಿದೆ. 1996ರಲ್ಲಿ ಮೇಳಕ್ಕೆ ರಾಕ್ ಸಂಗೀತದ ಗೌರವಮಂದಿರದಲ್ಲಿ ಸ್ಥಾನ ದೊರೆಯಿತು. ಮಾರಿಸನ್ ಅದರ ಹಿಂದಿನ ವರ್ಷವೇ ತೀರಿಹೋಗಿದ್ದ. ‘ರೋಲಿಂಗ್ ಸ್ಟೋನ್’ ಪತ್ರಿಕೆಯೇ 2003ರಲ್ಲಿ ಆರಿಸಿದ ಐನೂರು ಶ್ರೇಷ್ಠ ಮುದ್ರಿಕೆಗಳಲ್ಲಿ ಇದನ್ನೂ ಸೇರಿಸಿತು. 2013ರ ಅಕ್ಟೋಬರಿನಲ್ಲಿ ರೀಡ್ ತೀರಿಕೊಂಡ. ಆ ಡಿಸೆಂಬರಿನಲ್ಲಿ ಇದರ ನಲವತ್ತೈದನೆಯ ವರ್ಷದ ಸ್ಮಾರಕ ಆವೃತ್ತಿ ಹೊರಬಂತು.

ಹಾಗಾದರೆ ಮೊದಲ ವಿಮರ್ಶಕರು ಮೂಢರೆ? ಹಾಗೆನ್ನಲು ನನಗೆ ಮನಸ್ಸು ಬಾರದು. ಅವರು ಕಂಡ ದೋಷಗಳು ಮುದ್ರಿಕೆಯಲ್ಲಿ ಇಂದಿಗೂ ಇವೆ. ಧ್ವನಿ ಮಸುಕಾಗಿದೆ, ‘ದಿ ಗಿಫ್ಟ್’ನ ಕಥೆ ಎರಡನೆಯ ಸಲಕ್ಕೆ ಸಪ್ಪೆಯೆನಿಸುತ್ತದೆ. ಇಂದಿನ ಪ್ರಶಂಸೆ ಈ ದೋಷಗಳನ್ನೂ ಗುಣಗಳೆಂದೇ ಎಣಿಸಿದರೆ ಅದು ಅಂದಿನ ನಿರಾಕರಣೆಯಷ್ಟೇ ಕಿವುಡು. ತಿರಸ್ಕೃತವಾದುದೆಲ್ಲ ಶ್ರೇಷ್ಠವೂ ಅಲ್ಲ. ಹಾಗಾಗಿದ್ದರೆ ನಮ್ಮ ಹಸ್ತಪ್ರತಿಗಳ ರಾಶಿಯೆಲ್ಲ ಮಹಾಕಾವ್ಯವಾಗಬೇಕಿತ್ತು. ಅವರ ತಪ್ಪು ದೋಷಗಳನ್ನು ಕಂಡದ್ದಲ್ಲ. ಕಂಡೊಡನೆ ಕೇಳುವುದನ್ನು ನಿಲ್ಲಿಸಿದ್ದು. ಕೃತಿ ಯಾವ ನಿಯಮವನ್ನು ಮುರಿಯುತ್ತಿದೆ ಎಂದಷ್ಟೇ ಕೇಳಿದರು. ಯಾವ ನಿಯಮವನ್ನು ಪಾಲಿಸುತ್ತಿದೆ ಎಂದು ಕೇಳಲಿಲ್ಲ.

ಭವಭೂತಿ ತನ್ನ ಕಾಲದ ಅವಜ್ಞೆಗೆ ನೊಂದು, ಎಂದಾದರೂ ಎಲ್ಲಿಯಾದರೂ ಹುಟ್ಟಬಹುದಾದ ಸಮಾನಧರ್ಮನಿಗಾಗಿ ಬರೆಯುತ್ತೇನೆಂದ. ಆ ಸಮಾನಧರ್ಮ ನ್ಯೂಯಾರ್ಕಿನ ಮೇಳಕ್ಕೆ ಬೋಲ್ಟನ್ನಿನ ಕಾಲೇಜಿನಲ್ಲಿ ಸಿಕ್ಕಿದ, ಪ್ರಾಗ್‌ನ ಕೊಟ್ಟಿಗೆಯಲ್ಲಿ ಸಿಕ್ಕಿದ. ಅವನು ಹುಟ್ಟುವವರೆಗೆ ಕೃತಿಯನ್ನು ಕಾಪಾಡುವುದಷ್ಟೇ ನಮ್ಮಂಥವರ ಕೆಲಸ. ಮುಳ್ಳನ್ನು ಎತ್ತಿದ ನನ್ನೊಡನೆ ವಾದಕ್ಕಿಳಿಯದೆ ತಟ್ಟೆಯನ್ನು ಜೋಪಾನವಾಗಿ ಚೀಲದೊಳಗಿಟ್ಟ ನನ್ನ ಗೆಳೆಯ ಅಂದು ಮಾಡಿದ್ದು ಅದನ್ನೇ.